ಕೆರೆಯ ಹೆಜ್ಜೆ
ಸೊಲ್ಲಾಪುರದ ನಮ್ಮ ಅಂಗಳದಲ್ಲಿ ಮಕ್ಕಳಿಗೆ ನೀರಿನ ಚಕ್ರವನ್ನು ಲೇಜಿಮಿನ ತಾಳದಲ್ಲಿ ಕಲಿಸುತ್ತೇವೆ. ಕುಳಿತವರು ಕಡಲು, ಬೆರಳಾಡಿಸುತ್ತ ಮೆಲ್ಲನೆ ಎದ್ದರೆ ಆವಿ, ಕೈಕೈ ಹಿಡಿದರೆ ಮೋಡ, ಲೇಜಿಮು ಝಲ್ಲೆಂದರೆ ಮಳೆ, ಸಾಲಾಗಿ ಓಡಿದರೆ ಭೀಮೆ, ಕೃಷ್ಣೆಯನ್ನು ಕೂಡಿ ಮರಳಿ ಕಡಲಿಗೆ.

ಒಮ್ಮೆ ಮೋಡದ ಗುಂಪಿನ ಪುಟ್ಟ ಬಾಲೆಯೊಬ್ಬಳು ಸುರಿಯದೆಯೇ ಮುಂದೆ ಸಾಗಿದಳು. ಏಕೆಂದು ಕೇಳಿದರೆ, “ನಮ್ಮೂರಾಗ ಮೋಡ ಹಿಂಗ ಹೋಗತಾವ್ರೀ” ಎಂದಳು. ನಾವು ನಿರುತ್ತರರಾದೆವು. ಪಡುವಣ ಮೋಡಗಳು ಬಹುಪಾಲು ಸಹ್ಯಾದ್ರಿಯಲ್ಲಿಯೇ ಸುರಿದುಬಿಡುವುದರಿಂದ ನಮ್ಮದು ಮಳೆಯ ನೆರಳಿನ ನಾಡು. 1972ರ ಬರವನ್ನು ಹಿರಿಯರು ಮರೆತಿಲ್ಲ. 12ನೆಯ ಶತಮಾನದಲ್ಲಿ ಸಿದ್ಧರಾಮರು ಇಲ್ಲಿ ಕೆರೆ ಕಟ್ಟಿಸಿದುದರ ಅರ್ಥ ಆಗ ನಮಗೆ ಹೊಳೆಯಿತು.

ಅಂದಿನಿಂದ ಕುಣಿತಕ್ಕೆ ಒಂದು ಹೆಜ್ಜೆ ಕೂಡಿದೆ: ಮಳೆ ಸುರಿದು ನದಿ ಓಡುವ ಮುನ್ನ ಮಕ್ಕಳು ಸುತ್ತುಗಟ್ಟಿ, ತಾಳ ನಿಲ್ಲಿಸಿ, ಕ್ಷಣಕಾಲ ಕೆರೆಯಾಗುತ್ತಾರೆ.