ಒಂದೇ ರೇಖಾಂಶದ ಎರಡು ಊರುಗಳು

ಅಟ್ಲಾಸಿನಲ್ಲಿ ಭಾರತದ ಭೂಪಟ ತೆರೆದು, 78 ಡಿಗ್ರಿ ಪೂರ್ವ ರೇಖಾಂಶದ ಗೆರೆಯ ಮೇಲೆ ಬೆರಳಿಟ್ಟು ದಕ್ಷಿಣದಿಂದ ಉತ್ತರಕ್ಕೆ ಸಾಗಿ ನೋಡಿ. ಕರ್ನಾಟಕದ ಪೂರ್ವದ ಅಂಚಿನಲ್ಲಿ ಕೋಲಾರ ಸಿಗುತ್ತದೆ. ಬೆರಳನ್ನು ಅತ್ತಿತ್ತ ಸರಿಸದೆ ಮೇಲಕ್ಕೆ ಹೋದರೆ ಆಗ್ರಾ. ಇನ್ನೂ ಮೇಲೆ, ಹಿಮಾಲಯದ ಬುಡದಲ್ಲಿ ಡೆಹ್ರಾಡೂನ್. ಕೋಲಾರಕ್ಕೂ ಡೆಹ್ರಾಡೂನಿಗೂ ಮಧ್ಯಾಹ್ನವಾಗುವುದು ಹೆಚ್ಚುಕಡಿಮೆ ಒಂದೇ ನಿಮಿಷದಲ್ಲಿ. ನಡುವೆ ಇರುವುದು ಅಕ್ಷಾಂಶದ 17 ಡಿಗ್ರಿಗಳ ಅಂತರ. ನೆಲದ ಮೇಲೆ ನೇರವಾಗಿ ಅಳೆದರೆ ಸುಮಾರು 1,900 ಕಿಲೋಮೀಟರ್. 2003ರ ಜೂನ್ ತಿಂಗಳಲ್ಲಿ ನಮ್ಮ ಸಂಸಾರ ಈ 17 ಡಿಗ್ರಿಗಳನ್ನು ದಾಟಿತು.

ಆಗ ನಾನು ಕೋಲಾರದ ಒಂದು ಅನುದಾನರಹಿತ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಸಂಬಳ ತಿಂಗಳ ಇಪ್ಪತ್ತಕ್ಕೇ ಮುಗಿಯುತ್ತಿತ್ತು. ದೇಶದಾದ್ಯಂತ ಶಾಖೆಗಳಿರುವ ಕೇಂದ್ರದ ಶಾಲೆಗಳಿಗೆ ಅರ್ಜಿ ಹಾಕಿದ್ದೆ. ನೇಮಕಾತಿ ಆದೇಶ ಬಂತು, ಸ್ಥಳ ಡೆಹ್ರಾಡೂನ್. ಸಂಬಳ ಮೂರು ಪಟ್ಟು. ಮನೆಯಲ್ಲಿ ನಾಲ್ಕನೇ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿ ಮುಗಿಸಿದ ಮಗಳು, ಮೂರು ವರ್ಷದ ಮಗ, ನಾಲ್ಕು ತಿಂಗಳ ಗರ್ಭಿಣಿಯಾದ ಹೆಂಡತಿ, ಹಸುವನ್ನು ಬಿಟ್ಟು ಒಂದು ರಾತ್ರಿಯೂ ಬೇರೆ ಊರಲ್ಲಿ ಮಲಗದ ನನ್ನ ತಾಯಿ. "ಹೋಗಪ್ಪಾ, ಮಕ್ಕಳ ಅನ್ನದ ದಾರಿ. ನಾನಂತೂ ಬರಲ್ಲ, ಹಸು ಯಾರು ನೋಡ್ಕೋತಾರೆ?" ಎಂದರು ಅಮ್ಮ. ಅದೇ ಬೀದಿಯಲ್ಲಿದ್ದ ನನ್ನ ಅಕ್ಕ ಅವರನ್ನು ನೋಡಿಕೊಳ್ಳುವುದಾಗಿ ಹೇಳಿದ ಮೇಲೆ ತೀರ್ಮಾನ ಗಟ್ಟಿಯಾಯಿತು.

ಸಾಮಾನು ಕಟ್ಟುವುದೆಂದರೆ ಏನನ್ನು ಬಿಡಬೇಕೆಂದು ಕಲಿಯುವುದು. ಒರಳುಕಲ್ಲು, ಮಂಚ, ಬೀರು ಉಳಿದವು. ಎರಡು ಟ್ರಂಕು, ಒಂದು ಹೋಲ್ಡಾಲು, ಪ್ರೆಷರ್ ಕುಕ್ಕರು, ಮುದ್ದೆ ಕೋಲು, ಹತ್ತು ಕೆ.ಜಿ. ರಾಗಿ ಹಿಟ್ಟು ಹೊರಟವು. ಮಗಳು ತನ್ನ ಹಳೆಯ ಕನ್ನಡ ಪಠ್ಯಪುಸ್ತಕಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡಳು.

ಮೂರು ರಾತ್ರಿಗಳ ದಾರಿ

ಬೆಂಗಳೂರಿನಿಂದ ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ದೆಹಲಿಗೆ ಸುಮಾರು 2,400 ಕಿ.ಮೀ. ನೇರ ಅಂತರಕ್ಕಿಂತ ಇಷ್ಟೊಂದು ಹೆಚ್ಚಲು ಕಾರಣ, ರೈಲು ಪಶ್ಚಿಮಕ್ಕೆ ದೊಡ್ಡ ಸುತ್ತು ಹಾಕಿ ಮಹಾರಾಷ್ಟ್ರದ ಮೂಲಕ ಹೋಗುತ್ತದೆ. ತುಂಗಭದ್ರೆ, ಕೃಷ್ಣೆ ಕತ್ತಲಲ್ಲೇ ದಾಟಿಹೋದವು. ಬೆಳಗಿನ ಬೆಳಕಿನಲ್ಲಿ ಕಿಟಕಿಯಿಂದ ನೋಡಿದ ಮಗಳು, "ಅಪ್ಪಾ, ಮಣ್ಣು ಸುಟ್ಟುಹೋಗಿದೆ" ಎಂದಳು. ಕೋಲಾರದ ಕೆಂಪು ಮಣ್ಣು ಬಹು ಪುರಾತನವಾದ ನೈಸ್ ಮತ್ತು ಗ್ರಾನೈಟ್ ಶಿಲೆ ಶಿಥಿಲಗೊಂಡು ಆದದ್ದು. ಅದರ ಕಬ್ಬಿಣದ ಅಂಶ ಆಕ್ಸೈಡ್ ಆಗಿ ಕೆಂಪು ಬಣ್ಣ ಕೊಡುತ್ತದೆ. ಕಲಬುರಗಿ, ಸೊಲ್ಲಾಪುರದ ಕಪ್ಪು ಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಕಲ್ಲಿನ ಮಗು. ಪಠ್ಯಪುಸ್ತಕದ ಒಂದು ಪೂರ್ತಿ ಅಧ್ಯಾಯ ರೈಲಿನ ಕಿಟಕಿಯಲ್ಲಿ ಓಡುತ್ತಿತ್ತು.

ಡೌಂಡ್ ಜಂಕ್ಷನ್ನಿನಲ್ಲಿ ಆ ಕಾಲದಲ್ಲಿ ರೈಲಿನ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುತ್ತಿದ್ದರು. ಗಾಡಿ ಹಿಂದುಮುಂದಾಗಿ ಹೊರಟಿತು. ಮಗ ಚಪ್ಪಾಳೆ ತಟ್ಟಿ "ಅಜ್ಜಿ ಮನೆಗೆ ವಾಪಸ್ಸು!" ಎಂದು ಕುಣಿದ. ಹಾಗಲ್ಲವೆಂದು ಗೊತ್ತಾದಾಗ ಮನ್ಮಾಡ್ ಬರುವವರೆಗೆ ಅತ್ತ. ಅವನನ್ನು ಸಮಾಧಾನ ಮಾಡುತ್ತ ನನ್ನ ಹೆಂಡತಿ ಮುಖ ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಎದುರು ಸೀಟಿನಲ್ಲಿದ್ದ ಸೈನಿಕನೊಬ್ಬ ತನ್ನ ಲೋವರ್ ಬರ್ತನ್ನು ಅವಳಿಗೆ ಬಿಟ್ಟುಕೊಟ್ಟು, ಒಂದು ಮಾತೂ ಆಡದೆ ಮೇಲಿನ ಬರ್ತಿಗೆ ಹತ್ತಿದ.

ಆ ರಾತ್ರಿ ಸಾತ್ಪುರ, ನರ್ಮದೆ, ವಿಂಧ್ಯ ಎಲ್ಲವೂ ನಿದ್ದೆಯಲ್ಲೇ ಕಳೆದವು. ಭೋಪಾಲ್ ಮತ್ತು ವಿದಿಶಾ ನಡುವೆ ರೈಲು ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ದಾಟುತ್ತದೆ. ನೆಲದ ಮೇಲೆ ಅಲ್ಲೇನೂ ಗೆರೆ ಕಾಣದು. ಆದರೆ ಅಲ್ಲಿಂದ ಉತ್ತರಕ್ಕೆ ಸೂರ್ಯ ವರ್ಷದ ಯಾವ ದಿನವೂ ನೆತ್ತಿಯ ಮೇಲೆ ಬರುವುದಿಲ್ಲ. ಕೋಲಾರದಲ್ಲಿ ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ನಡುಹಗಲಿನಲ್ಲಿ ಕಂಬದ ನೆರಳು ಮಾಯವಾಗುವುದನ್ನು ಮಗಳು ನೋಡಿದ್ದಳು. ಇನ್ನು ಅದು ಇಲ್ಲ.

ಬೆಳಿಗ್ಗೆ ಗ್ವಾಲಿಯರ್ ಹತ್ತಿರ ನಾವು ಮತ್ತೆ 78ರ ರೇಖಾಂಶಕ್ಕೆ ಮರಳಿದ್ದೆವು. ಚಂಬಲ್ ನದಿಯ ಎರಡೂ ಬದಿ ನೀರು ಕೊರೆದ ಮಣ್ಣಿನ ಕಂದರಗಳು ಕಣ್ಣು ಹಾಯುವಷ್ಟು ದೂರ. ಸವಕಳಿ ಎಂದರೇನೆಂದು ಅದನ್ನು ಕಂಡವರಿಗೆ ಬೇರೆ ಹೇಳಬೇಕಿಲ್ಲ. ದೆಹಲಿಯಲ್ಲಿ ಬಿಸಿಗಾಳಿಯ ಒಂದು ಹಗಲು ಕಳೆದು, ರಾತ್ರಿಯ ಇನ್ನೊಂದು ರೈಲಿನಲ್ಲಿ ಹರಿದ್ವಾರ ದಾಟಿ ಬೆಳಗಿನ ಹೊತ್ತಿಗೆ ಡೆಹ್ರಾಡೂನ್ ತಲುಪಿದೆವು.

ಕಣಿವೆಯ ಊರು

ಹಿಮಾಲಯದ ಬುಡಕ್ಕೆ ಬಂದವರು ಮೇಲೇರಿದ್ದೇವೆಂದು ಭಾವಿಸಿದ್ದೆವು. ಲೆಕ್ಕ ನೋಡಿದರೆ ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರ. ಡೆಹ್ರಾಡೂನ್ ಸುಮಾರು 640. ನಾವು ಇಳಿದಿದ್ದೆವು! ದಕ್ಷಿಣಕ್ಕೆ ಶಿವಾಲಿಕ್ ಗುಡ್ಡಗಳು, ಉತ್ತರಕ್ಕೆ ಮಸ್ಸೂರಿಯ ಬೆಟ್ಟಸಾಲು, ನಡುವೆ ಉದ್ದನೆಯ ದೂನ್ ಕಣಿವೆ. ರಾತ್ರಿ ಮಸ್ಸೂರಿಯ ದೀಪಗಳು ಆಕಾಶದಲ್ಲಿ ತೂಗುಹಾಕಿದ ಹಾಗೆ ಕಾಣುತ್ತಿದ್ದವು. ಉತ್ತರಾಖಂಡ ರಾಜ್ಯ 2000ದ ನವೆಂಬರಿನಲ್ಲಿ ಹುಟ್ಟಿತ್ತು. ಅದರ ತಾತ್ಕಾಲಿಕ ರಾಜಧಾನಿಯಾದ ಊರಿನಲ್ಲಿ ಎಲ್ಲೆಡೆ ಕಟ್ಟಡಗಳು ಏಳುತ್ತಿದ್ದವು. ನಮ್ಮ ಕಡೆ ವರ್ಷಕ್ಕೆ 700-750 ಮಿ.ಮೀ. ಮಳೆ ಬಂದರೆ ಕೆರೆ ನೋಡಲು ಹೋಗುತ್ತೇವೆ. ಇಲ್ಲಿ 2,000 ಮಿ.ಮೀ. ಮೀರಿದ ಮಳೆ, ಜುಲೈ, ಆಗಸ್ಟಿನಲ್ಲಿ ಬಟ್ಟೆ ಒಣಗುವುದೇ ಇಲ್ಲ.

ಮೊದಲ ವಾರ ಮಕ್ಕಳಿಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಸಂಜೆ. ಏಳು ಗಂಟೆಯಾದರೂ ಬಿಸಿಲು! ಜೂನ್ ಕೊನೆಯಲ್ಲಿ ಅಲ್ಲಿ ಹಗಲು ಸುಮಾರು 14 ಗಂಟೆ. ಕೋಲಾರದಲ್ಲಿ 13ಕ್ಕೂ ಸ್ವಲ್ಪ ಕಡಿಮೆ. ಧ್ರುವ ನಕ್ಷತ್ರ ಕೋಲಾರದಲ್ಲಿ ದಿಗಂತದಿಂದ 13 ಡಿಗ್ರಿ ಮೇಲೆ ಮರಗಳ ಹಿಂದೆ ಅಡಗಿರುತ್ತದೆ. ಇಲ್ಲಿ 30 ಡಿಗ್ರಿ ಮೇಲೆ ಸಲೀಸಾಗಿ ಕಾಣುತ್ತದೆ. ಆದರೆ ನಮ್ಮೂರಲ್ಲಿ ದಕ್ಷಿಣದಲ್ಲಿ ಪ್ರಜ್ವಲಿಸುವ ಅಗಸ್ತ್ಯ ನಕ್ಷತ್ರ ಇಲ್ಲಿ ಹೆಚ್ಚೆಂದರೆ ಏಳು ಡಿಗ್ರಿ ಏರುತ್ತದೆ. ಊರು ಬಿಟ್ಟವರಿಗೆ ಆಕಾಶವೂ ಪೂರ್ತಿ ಜೊತೆಗೆ ಬರುವುದಿಲ್ಲ.

ಈ ಊರಿಗೂ ನಮ್ಮ ಸೀಮೆಗೂ ಹಳೆಯ ನಂಟೊಂದಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಇರುವುದು ಡೆಹ್ರಾಡೂನಿನಲ್ಲಿ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ತಳರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಆರಂಭಿಸಿದ. ಇದೇ 78ರ ರೇಖಾಂಶದ ಆಸುಪಾಸಿನಲ್ಲಿ ಕನ್ಯಾಕುಮಾರಿಯಿಂದ ಉತ್ತರಕ್ಕೆ ತ್ರಿಕೋನಗಳ ಸರಪಳಿ ಬೆಳೆಯಿತು. ಬೀದರಿನ ಸಮೀಪ 1815ರಲ್ಲಿ ಇನ್ನೊಂದು ತಳರೇಖೆ. ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಹೊತ್ತು ಕೂಲಿಗಳು ಬೆಟ್ಟ ಹತ್ತಿದರು. ಅನೇಕರು ಜ್ವರಕ್ಕೆ ಬಲಿಯಾದರು. ಲ್ಯಾಂಬ್ಟನ್ 1823ರಲ್ಲಿ ದಾರಿಯಲ್ಲೇ, ಹಿಂಗನ್‌ಘಾಟ್‌ನಲ್ಲಿ ತೀರಿಕೊಂಡ. ಕೆಲಸ ಮುಂದುವರಿಸಿದ ಜಾರ್ಜ್ ಎವರೆಸ್ಟ್ 1834-35ರಲ್ಲಿ ಡೆಹ್ರಾಡೂನಿನಲ್ಲಿ ತಳರೇಖೆ ಅಳೆಯಿಸಿ, 1840ರ ದಶಕದ ಆರಂಭಕ್ಕೆ ಎಲ್ಲ ಮುಗಿಸಿದ. ಅವನ ಬಳಿ ಲೆಕ್ಕ ಮಾಡಲು 1831ರಲ್ಲಿ ಸೇರಿದವನು, ಇನ್ನೂ ಇಪ್ಪತ್ತು ತುಂಬದ ಬಂಗಾಳಿ ಯುವಕ ರಾಧಾನಾಥ ಸಿಕ್ದರ್. ಕಲ್ಕತ್ತೆಯ ಮನೆ ಬಿಟ್ಟು ನೌಕರಿಗಾಗಿ ಇಷ್ಟು ದೂರ ಬಂದವನು! ಮುಂದೆ ಎವರೆಸ್ಟ್ ಶಿಖರದ ಎತ್ತರದ ಲೆಕ್ಕದಲ್ಲಿ ಅವನ ಹೆಸರು ಸೇರಿಕೊಂಡಿತು. ನಾವು ನಾಲ್ಕು ದಿನದೊಳಗೆ ಮುಗಿಸಿದ ದಾರಿಯನ್ನು ಅಳೆಯಲು ಅವರಿಗೆಲ್ಲ ಸುಮಾರು ನಲವತ್ತು ವರ್ಷ ಹಿಡಿದಿತ್ತು.

ಮಾತು ನಿಂತ ಮಗು

ಜುಲೈನಲ್ಲಿ ಶಾಲೆ ಆರಂಭವಾಯಿತು. ಮಗಳಿಗೆ ಐದನೇ ತರಗತಿ. ಕೋಲಾರದಲ್ಲಿ ಕನ್ನಡ, ತೆಲುಗು ಎರಡನ್ನೂ ಪಟಪಟನೆ ಆಡುತ್ತಿದ್ದವಳು ಇಲ್ಲಿ ಬಾಯಿ ಮುಚ್ಚಿದಳು. ಹಿಂದಿ ಅಕ್ಷರಗಳನ್ನು ಎರಡು ತಿಂಗಳಲ್ಲಿ ಕಲಿತಳು, ಬರೆದಳು, ಮಾತಾಡಲಿಲ್ಲ. ಹಿಂದಿಯ ಲಿಂಗಭೇದ ಅವಳನ್ನು ಕಂಗೆಡಿಸಿತ್ತು. ಕನ್ನಡದಲ್ಲಿ ಕುರ್ಚಿಯೂ ಪುಸ್ತಕವೂ ನಪುಂಸಕಲಿಂಗ. ಹಿಂದಿಯಲ್ಲಿ ಕುರ್ಚಿ ಹೆಣ್ಣು, ಮೇಜೂ ಹೆಣ್ಣು, ಕೋಣೆ ಗಂಡು! ತಪ್ಪಿದರೆ ತರಗತಿ ನಗುತ್ತದೆ. ತರಗತಿಯ ಶಿಕ್ಷಕಿ ನನ್ನನ್ನು ಕರೆದು, "ಮಗುವಿಗೆ ಕಿವಿ ಸರಿಯಾಗಿ ಕೇಳುತ್ತದೆಯೇ?" ಎಂದು ಕೇಳಿದರು. ಅವರದು ಕಾಳಜಿಯ ಪ್ರಶ್ನೆಯೇ. ಅಂದು ರಾತ್ರಿ ಹೆಂಡತಿ, "ರೀ, ಇವಳನ್ನ ಅತ್ತೆ ಹತ್ರ ಕೋಲಾರಕ್ಕೆ ಕಳಿಸೋಣವಾ?" ಎಂದಳು. ಒಂದು ಸಂಸಾರ ಎರಡು ಊರಾಗುವ ಮಾತು. ದೀಪಾವಳಿವರೆಗೆ ನೋಡೋಣ ಎಂದುಕೊಂಡೆವು.

ಅಷ್ಟರಲ್ಲಿ ರಾಗಿ ಹಿಟ್ಟು ಮುಗಿದಿತ್ತು. ಆರನೇ ತಿಂಗಳ ಬಸುರಿಗೆ ರೊಟ್ಟಿ ಸೇರುತ್ತಿರಲಿಲ್ಲ, ಮುದ್ದೆಯ ಬಯಕೆ. ಪಕ್ಕದ ಮನೆಯಲ್ಲಿ ಪೌಡಿ ಕಡೆಯ ಬೆಟ್ಟದ ಹಳ್ಳಿಯಿಂದ ಬಂದ ವಯಸ್ಸಾದ ತಾಯಿ ಒಬ್ಬರಿದ್ದರು. ನಾವು ಮಾತಾಜಿ ಎನ್ನುತ್ತಿದ್ದೆವು. ಖಾಲಿ ಡಬ್ಬಿಯ ತಳದಲ್ಲಿ ಅಂಟಿದ್ದ ಹಿಟ್ಟನ್ನು ಹೆಂಡತಿ ತೋರಿಸಿದಾಗ ಅವರು ಮೂಸಿ ನೋಡಿ, "ಅರೇ, ಯಹ್ ತೊ ಮಂಡುವಾ ಹೈ!" ಎಂದು ನಕ್ಕರು. ಗಢವಾಲದ ಬೆಟ್ಟಗಳಲ್ಲಿ ತಲೆಮಾರುಗಳಿಂದ ಬೆಳೆಯುವ ಮಂಡುವಾ ನಮ್ಮ ರಾಗಿಯೇ. ಅವರ ಗಹತ್ ನಮ್ಮ ಹುರುಳಿ. ಅವರ ಝಂಗೋರಾ ನಮ್ಮ ಊದಲು. ಅವರು ಮಂಡುವಾದಲ್ಲಿ ರೊಟ್ಟಿ ತಟ್ಟುತ್ತಾರೆ, ಮುದ್ದೆ ಕಟ್ಟುವುದನ್ನು ಕಂಡಿರಲಿಲ್ಲ. ಮರುದಿನ ನಮ್ಮ ಅಡುಗೆಮನೆಯಲ್ಲಿ ಮುದ್ದೆ, ಹುರುಳಿ ಸಾರು. ಮಾತಾಜಿ ಮುದ್ದೆ ಅಗಿಯದೆ ನುಂಗುವುದನ್ನು ಮಗಳು ಕೈಸನ್ನೆಯಲ್ಲೇ ಕಲಿಸಿದಳು. ಆಮೇಲೆ ದಿನವೂ ಸಂಜೆ ಅವರ ಮನೆಗೆ ಹೋಗಿ ಕೂರತೊಡಗಿದಳು. ತಪ್ಪಾದರೂ ನಗದ ಒಬ್ಬರು ಸಿಕ್ಕಿದ್ದರು. ಕೋಲಾರಕ್ಕೆ ಕಳಿಸುವ ಮಾತು ಹಿಂದೆ ಸರಿಯಿತು.

ನವೆಂಬರ್ ಕೊನೆಯಲ್ಲಿ ಮೂರನೇ ಮಗು ಹುಟ್ಟಿತು. ಬಜೆ, ಸಾಂಬ್ರಾಣಿ, ಬೆಲ್ಲದ ಗಂಟು ಹೊತ್ತು ನನ್ನ ಅತ್ತೆ ಬಾಣಂತನಕ್ಕೆ ಬಂದರು. ಚಳಿಗೆ ಎರಡೆರಡು ರಜಾಯಿ. ಹಗಲು ಹತ್ತೂಕಾಲು ಗಂಟೆಗೆ ಇಳಿದಿತ್ತು. ಬಿಸಿಲು ಬಂತೆಂದರೆ ಬೀದಿಯ ಹೆಂಗಸರೆಲ್ಲ ಮಹಡಿ ಮೇಲೆ ಕಡಲೆಕಾಯಿ ಹಿಡಿದು ಕೂರುತ್ತಿದ್ದರು. ಅತ್ತೆಯೂ ಕೂಸಿನೊಂದಿಗೆ ಕೂರುತ್ತಿದ್ದರು. ಭಾಷೆ ಬೇರೆ, ಮಾತು ಸಾಂಗವಾಗಿ ನಡೆಯುತ್ತಿತ್ತು.

ಎರಡು ನೆರಳು, ಒಂದು ಭೂಮಿ

ಡಿಸೆಂಬರ್ 22 ವರ್ಷದ ಅತಿ ಸಣ್ಣ ಹಗಲಿನ ದಿನ. ಗ್ರೀಕ್ ವಿದ್ವಾಂಸ ಎರಟೋಸ್ಥನೀಸ್ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಈಜಿಪ್ಟಿನ ಎರಡು ಊರುಗಳ ನೆರಳಿನ ವ್ಯತ್ಯಾಸದಿಂದ ಭೂಮಿಯ ಸುತ್ತಳತೆ ಲೆಕ್ಕಹಾಕಿದ ಕತೆಯನ್ನು ಮಗಳಿಗೆ ಹೇಳಿದ್ದೆ. ಅದಕ್ಕೆ ಬೇಕಾದದ್ದು ಒಂದೇ ರೇಖಾಂಶದ ಎರಡು ಊರು. ನಮ್ಮ ಬಳಿ ಇದ್ದವು! ಕೋಲಾರದಲ್ಲಿದ್ದ ನನ್ನ ಅಕ್ಕನ ಮಗನಿಗೆ ಮೊದಲೇ ಕಾಗದ ಬರೆದಳು: ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸು, 12 ಗಂಟೆಯಿಂದ 12.30ರವರೆಗೆ ನೆರಳು ಗುರುತಿಸು, ಅತಿ ಸಣ್ಣ ನೆರಳು ಎಷ್ಟೆಂದು ಹೇಳು. ಆ ರೇಖಾಂಶದಲ್ಲಿ ಅಂದು ನಿಜವಾದ ಮಧ್ಯಾಹ್ನ ನಮ್ಮ ಗಡಿಯಾರದ 12 ಗಂಟೆ 17 ನಿಮಿಷದ ಆಸುಪಾಸು.

ಇಲ್ಲಿ ಅವಳು ಶಾಲೆಯ ಅಂಗಳದಲ್ಲಿ ಅಳೆದಳು: 136 ಸೆಂಟಿಮೀಟರ್. ಸಂಜೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಕೋಲಾರದ ಉತ್ತರ: 75 ಸೆಂಟಿಮೀಟರ್. ಎರಡು ತ್ರಿಕೋನಗಳನ್ನು ಅಳತೆಗೆ ತಕ್ಕಂತೆ ಬರೆದು ಕೋನಮಾಪಕದಲ್ಲಿ ನೋಡಿದರೆ ಒಂದು 54, ಇನ್ನೊಂದು 37 ಡಿಗ್ರಿ. ವ್ಯತ್ಯಾಸ 17. ಹದಿನೇಳು ಡಿಗ್ರಿಗೆ 1,900 ಕಿ.ಮೀ. ಆದರೆ 360ಕ್ಕೆ ಎಷ್ಟು? ಸುಮಾರು 40,200. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿ.ಮೀ.

ಮರುದಿನ ತರಗತಿಯಲ್ಲಿ ಅದನ್ನು ವಿವರಿಸಲು ಶಿಕ್ಷಕಿ ಅವಳನ್ನು ಕರೆದರು. "ಛಡೀ ಖಡಾ ಹೈ" ಎಂದು ಶುರು ಮಾಡಿದಳಂತೆ. ಕೋಲು ಹಿಂದಿಯಲ್ಲಿ ಹೆಣ್ಣು, "ಖಡೀ" ಆಗಬೇಕಿತ್ತು. ತರಗತಿ ನಕ್ಕಿತು. ಅವಳೂ ನಕ್ಕು, ತಿದ್ದಿಕೊಂಡು, ಕೊನೆಯವರೆಗೂ ಹೇಳಿ ಮುಗಿಸಿದಳು. ಅಂದಿನಿಂದ ಮನೆಯಲ್ಲಿ ಅವಳ ಮಾತು ನಿಲ್ಲಿಸುವುದೇ ಕಷ್ಟವಾಯಿತು.

ಏಳು ವರ್ಷ ಅಲ್ಲಿದ್ದು 2010ರಲ್ಲಿ ವರ್ಗವಾಗಿ ಕರ್ನಾಟಕಕ್ಕೆ ಮರಳಿದೆವು. ಲೆಕ್ಕದಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಮಕ್ಕಳು ನಾಲ್ಕು ಭಾಷೆಗಳಲ್ಲಿ ಸಲೀಸು. ಮಗ ಕನ್ನಡ ಚೆನ್ನಾಗಿ ಆಡುತ್ತಾನೆ, ಓದುವುದು ಮಾತ್ರ ಇಂದಿಗೂ ನಿಧಾನ. ನನ್ನ ಅಮ್ಮ ಮೂರನೇ ಮೊಮ್ಮಗುವನ್ನು ಮೊದಲು ಕಂಡದ್ದು ಅದಕ್ಕೆ ಒಂದೂವರೆ ವರ್ಷವಾದಾಗ. ಅದು ಅವರ ಕೈಗೆ ಹೋಗದೆ ಅತ್ತಿತು. ದೂರದ ನೌಕರಿಯ ಸಂಬಳ ಚೀಟಿಯಲ್ಲಿ ಈ ಕಡಿತವನ್ನು ಯಾರೂ ನಮೂದಿಸುವುದಿಲ್ಲ.

ವರ್ಗಾವಣೆಯ ಆದೇಶ ಕೈಯಲ್ಲಿರುವ ಪಾಲಕರಿಗೆ ನನ್ನದು ಎರಡೇ ಮಾತು. ಹೊಸ ಊರಿನಲ್ಲಿ ಮಗು ಕೆಲವು ತಿಂಗಳು ಮೌನವಾಗಿದ್ದರೆ ಅದು ದಡ್ಡತನವಲ್ಲ, ಅದು ಕೇಳಿಸಿಕೊಳ್ಳುತ್ತಿದೆ. ಮನೆಯಲ್ಲಿ ತಾಯ್ನುಡಿಯ ಮಾತು ನಿಲ್ಲಿಸಬೇಡಿ, ನೆರೆಮನೆಯಲ್ಲಿ ತಪ್ಪಿಗೆ ನಗದ ಒಬ್ಬರನ್ನು ಹುಡುಕಿಕೊಡಿ. ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಿಮ್ಮ ತರಗತಿಗೆ ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಹೊಸ ಸಹಪಾಠಿ ಇದ್ದರೆ, ಈ ಡಿಸೆಂಬರ್ 22ರಂದು ಅವನ ಊರಿನ ಬಂಧುವಿಗೊಂದು ಫೋನು ಮಾಡಿಸಿ. ರೇಖಾಂಶ ಬೇರೆಯಾದರೆ ಮಧ್ಯಾಹ್ನದ ನಿಮಿಷ ಬೇರೆಯಾಗುತ್ತದೆ, ಅಷ್ಟೆ. ಆಯಾ ಊರಿನ ಅತಿ ಸಣ್ಣ ನೆರಳನ್ನೇ ತೆಗೆದುಕೊಳ್ಳಿ, ದೂರವನ್ನು ಮಾತ್ರ ನೇರ ಉತ್ತರ-ದಕ್ಷಿಣವಾಗಿ ಅಳೆಯಿರಿ. ಲೆಕ್ಕವನ್ನು ಕರಿಹಲಗೆಯ ಮೇಲೆ ಅವನೇ ಬರೆಯಲಿ.