ಭೀಮನ ಊಟ

ಲಾಬ್ರಡಾರ್ ಜಾತಿಯ ಮರಿಯು ಬೆಳೆಯುವ ವೇಗವನ್ನು ಕಾಣದವರಿಗೆ ಹೇಳಿ ನಂಬಿಸುವುದು ಕಷ್ಟ. ಖಾನಾಪುರದ ನಮ್ಮಕ್ಕನ ಮನೆಯ ಭೀಮನು ದೀಪಾವಳಿಗೆ ಹೂಬುಟ್ಟಿಯಲ್ಲಿ ಮಲಗುವಷ್ಟಿದ್ದವನು, ಯುಗಾದಿಗೆ ಬಾಗಿಲಿಗೆ ಅಡ್ಡ ಮಲಗಿದರೆ ನಾವೇ ದಾಟಿ ಹೋಗಬೇಕಾದಷ್ಟು ದೊಡ್ಡವನಾಗಿದ್ದನು. ಅಕ್ಕನ ಆರೈಕೆಯೂ ಹೆಸರಿಗೆ ತಕ್ಕದ್ದೇ: ಕೆನೆಹಾಲು, ತುಪ್ಪ ಸವರಿದ ಚಪಾತಿ, ಮನೆಗೆ ಕುಂದಾ ಬಂದರೆ ಅದರಲ್ಲಿ ಪಾಲು, ಮೇಲೆ, ಎಲುಬು ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಔಷಧ.

ಅಂಥ ಭೀಮನು ಏಳನೆಯ ತಿಂಗಳಲ್ಲಿ ಮೆಟ್ಟಿಲೇರಲು ಹಿಂಜರಿಯತೊಡಗಿದನು. ಓಡುವಾಗ ಹಿಂಗಾಲುಗಳೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುತ್ತಿದ್ದನು. ಮಕ್ಕಳು ಚಪ್ಪಾಳೆ ತಟ್ಟಿ ನಕ್ಕವು. ನನಗೆ ನಗು ಬರಲಿಲ್ಲ. ಭಾವನವರೂ ನಾನೂ ಕೂಡಿ ಅವನನ್ನು ಬೆಳಗಾವಿಗೆ ಕರೆತಂದೆವು.

ಪಶುವೈದ್ಯರು ಮಂಪರಿನ ಸೂಜಿ ಚುಚ್ಚಿ, ಅಂಗಾತ ಮಲಗಿಸಿ, ಹಿಂಗಾಲುಗಳನ್ನು ನೀಳವಾಗಿ ಚಾಚಿ ಕ್ಷಕಿರಣ ಚಿತ್ರ ತೆಗೆದರು. ತೊಡೆಯೆಲುಬಿನ ಗುಂಡು ಸೊಂಟದ ಬಟ್ಟಲಿನಲ್ಲಿ ಆಳವಾಗಿ ಕೂತಿರಲಿಲ್ಲ. 'ಹಿಪ್ ಡಿಸ್‌ಪ್ಲೇಸಿಯ' ಎಂದರು. ನಾಯಿಗಳಲ್ಲಿ ಇದನ್ನು 1935ರಲ್ಲಿ ಅಮೆರಿಕೆಯ ಶ್ನೆಲ್ ಎಂಬ ಪಶುವೈದ್ಯರು ಗುರುತಿಸಿದರಂತೆ. ಕೀಲಿನ ಸಡಿಲು ವಂಶದಿಂದ ಬರುವುದು. ಅದನ್ನು ಸವೆಸುವುದು ಬೇಗ ಏರಿದ ಮೈಭಾರ. ಕ್ಯಾಲ್ಸಿಯಮ್ಮಂತೂ ಬೇಡವೇ ಬೇಡ; ಎಳೆಯ ಮರಿಯ ಕರುಳಿಗೆ ಹೆಚ್ಚಾದುದನ್ನು ತಡೆಯುವ ಶಕ್ತಿಯಿಲ್ಲದೆ, ಎಲುಬಿನ ಬೆಳವಣಿಗೆಯೇ ಕೆಡುತ್ತದೆ.

ಚಿಕಿತ್ಸೆಯಲ್ಲಿ ಮೊದಲನೆಯದು ಊಟ ತಗ್ಗಿಸುವುದು. ಇದನ್ನು ಅಕ್ಕನಿಗೆ ಹೇಳುವ ಪಾಳಿ ನನ್ನದಾಯಿತು.

"ಬೆಳಿಯೋ ಕೂಸಿನ ತಾಟಿನಾಗಿಂದ ತುತ್ತು ಕಸಗೊಳ್ಳೂದು ಎಂಥಾ ವೈದ್ಯ ತಮ್ಮಾ?"

ನನ್ನ ಎಂ.ಎ. ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ವೈದ್ಯರು ಹೇಳಿದ್ದನ್ನೇ ಒಪ್ಪಿಸಿದೆನು: ಅಮೆರಿಕೆಯಲ್ಲಿ 48 ಲಾಬ್ರಡಾರ್ ಮರಿಗಳನ್ನು ಜೋಡಿಜೋಡಿಯಾಗಿ ಸಾಕಿ, ಜೋಡಿಯಲ್ಲೊಂದಕ್ಕೆ ಕಾಲುಭಾಗ ಕಡಿಮೆ ಉಣಿಸಿದರು. ಕಡಿಮೆ ಉಂಡವುಗಳ ಸೊಂಟ ಎಷ್ಟೋ ಚೆನ್ನಾಗಿತ್ತು. 2002ರಲ್ಲಿ ಲೆಕ್ಕ ಪ್ರಕಟವಾದಾಗ ಅವು ಸುಮಾರು ಎರಡು ವರ್ಷ ಹೆಚ್ಚು ಬಾಳಿದ್ದೂ ತಿಳಿಯಿತು. ಅಕ್ಕ ಮಾತಾಡಲಿಲ್ಲ. ಮರುದಿನ ತುಪ್ಪದ ಗಿಂಡಿ ಮೇಲಿನ ಹಲಗೆಗೆ ಹೋಯಿತು.

ನೋವಿನ ಗುಳಿಗೆಯನ್ನು ವೈದ್ಯರು ಅಳೆದು ಕೊಟ್ಟಿದ್ದಾರೆ. ನಾವು ನುಂಗುವ ಗುಳಿಗೆ ನಾಯಿಗೆ ವಿಷವಾದೀತೆಂದು ಎಚ್ಚರಿಸಿದ್ದಾರೆ. ಜಿಗಿತ ಬಂದ್, ಈಜು ಒಳ್ಳೆಯದು, ನೀರಿನಲ್ಲಿ ಕೀಲಿನ ಮೇಲೆ ಭಾರ ಬೀಳದು. ಮಳೆ ಹಿಡಿಯುವವರೆಗೆ ಭಾವನವರು ದಿನವೂ ಅವನನ್ನು ಮಲಪ್ರಭೆಗೆ ಒಯ್ದರು. ಶಸ್ತ್ರಚಿಕಿತ್ಸೆಯ ಮಾತು ಇನ್ನೂ ಬಾಕಿಯಿದೆ.

ಭೀಮನು ಈಗ ಮೆಟ್ಟಿಲನ್ನು ಮೆಲ್ಲಗೆ ಏರುತ್ತಾನೆ. ಅಕ್ಕನು ಮಾತ್ರ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುತ್ತಾಳೆ. ಅವನು ನೋಡುತ್ತಿದ್ದರೆ ಅವಳಿಗೆ ತುತ್ತು ಇಳಿಯುವುದಿಲ್ಲ.