ವೋಲ್ಗಾ ದಂಡೆಯ ಬಾಡಿಗೆ ಕೋಣೆ

ಚಳಿ ಎನ್ನುವ ಮಾತಿಗೆ ಒಂದೊಂದು ಊರಿನಲ್ಲಿ ಒಂದೊಂದು ಅರ್ಥ. ನಮ್ಮ ದೊಡ್ಡಬಳ್ಳಾಪುರದಲ್ಲಿ ಧನುರ್ಮಾಸದ ಬೆಳಗ್ಗೆ ನಂದಿಬೆಟ್ಟದ ಕಡೆಯಿಂದ ಗಾಳಿ ಬೀಸಿತೆಂದರೆ ಹಾಲಿನವನು ಕಿವಿಗೆ ಮಫ್ಲರು ಸುತ್ತುತ್ತಾನೆ. ಕಾಲೇಜಿನಲ್ಲಿ ಮೊದಲನೆಯ ಪೀರಿಯಡ್ಡಿಗೆ ಅರ್ಧ ತರಗತಿ ಬರುವುದಿಲ್ಲ. ಬಂದವರೂ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಹಳಗನ್ನಡವನ್ನು ಸಹಿಸಿಕೊಳ್ಳುತ್ತಾರೆ. ಆಗ ಇರುವುದು ಹನ್ನೆರಡೋ ಹದಿಮೂರೋ ಡಿಗ್ರಿ. ೨೦೧೯ರ ಜನವರಿಯಲ್ಲಿ ರಷ್ಯಾದ ತ್ವೇರ್ ಎಂಬ ಊರಿನಲ್ಲಿ ನಾನು ರೈಲಿನಿಂದಿಳಿದಾಗ ಸೊನ್ನೆಗಿಂತ ೧೮ ಡಿಗ್ರಿ ಕೆಳಗಿತ್ತು. ಅಲ್ಲಿನವರು ಅದನ್ನು ‘ಇವತ್ತು ಪರವಾಗಿಲ್ಲ’ ಎಂದು ವರ್ಣಿಸಿದರು.

ನಾನು ಅಲ್ಲಿಗೆ ಹೋದದ್ದು ದೇಶ ನೋಡುವುದಕ್ಕಲ್ಲ, ಒಂದು ಬಗೆಯ ಪಂಚಾಯಿತಿಗೆ. ನನ್ನ ಅಣ್ಣ ನೇಯ್ಗೆಯವನು. ಮನೆಯ ಹಿಂದಿನ ಷೆಡ್ಡಿನಲ್ಲಿ ಆರು ವಿದ್ಯುತ್ ಮಗ್ಗಗಳಿವೆ. ಅವನ ಮಗಳಿಗೆ ಡಾಕ್ಟರಾಗುವ ಹಂಬಲ. ಇಲ್ಲಿಯ ಖಾಸಗಿ ಕಾಲೇಜುಗಳು ಕೇಳಿದ ಹಣಕ್ಕೆ ಆರಲ್ಲ, ಅರವತ್ತು ಮಗ್ಗಗಳನ್ನು ಮಾರಿದರೂ ಸಾಲದು. ಸುತ್ತಮುತ್ತಲ ತಾಲ್ಲೂಕುಗಳ ಕೆಲವು ಮಕ್ಕಳಂತೆ ಅವಳೂ ೨೦೧೭ರಲ್ಲಿ ರಷ್ಯಾಕ್ಕೆ ಹೊರಟಳು; ತ್ವೇರ್‌ನ ವೈದ್ಯಕೀಯ ವಿಶ್ವವಿದ್ಯಾನಿಲಯವನ್ನು ಸೇರಿದಳು. ಮೊದಲನೆಯ ವರ್ಷ ಹಾಸ್ಟೆಲಿನಲ್ಲಿದ್ದಳು. ಎರಡನೆಯ ವರ್ಷ, ಭಾಷೆ ಬೇಗ ಬರಲಿ ಎಂದು, ಒಬ್ಬ ಮುದುಕಿಯ ಮನೆಯಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಳು. ಆ ಸುದ್ದಿ ಬಂದ ದಿನದಿಂದ ಅತ್ತಿಗೆಗೆ ನಿದ್ರೆಯಿಲ್ಲ.

“ಹಾಸ್ಟೆಲ್ಲಾದರೆ ನಾಲ್ಕು ಜನ ನಮ್ಮವರು ಇರುತ್ತಾರೆ. ಇದು ಯಾರ ಮನೆಯೋ ಏನೋ. ಏನು ತಿನ್ನುತ್ತಾರೋ, ಯಾರು ಬಂದು ಹೋಗುತ್ತಾರೋ. ನೀವು ನಾಲ್ಕಕ್ಷರ ಕಲಿತವರು, ಕಣ್ಣಾರೆ ನೋಡಿ ಬನ್ನಿ. ಸರಿಕಾಣದಿದ್ದರೆ ಜೊತೆಯಲ್ಲೇ ಕರೆದುಕೊಂಡು ಬಂದುಬಿಡಿ.”

“ಅವಳ ಓದು?” ಎಂದೆ.

“ಇಲ್ಲಿ ಬಿ.ಎಸ್ಸಿ. ಇಲ್ಲವೇ?” ಎಂದರು ಅತ್ತಿಗೆ.

ಹೀಗೆ ಒಂದು ಹುಡುಗಿಯ ಆರು ವರ್ಷದ ಓದು ನನ್ನ ಎರಡು ಕಣ್ಣುಗಳ ಮೇಲೆ ನಿಂತಿತು. ಅಣ್ಣ ಏನೂ ಹೇಳಲಿಲ್ಲ. ತಾನೇ ನೇಯ್ದ ಒಂದು ರೇಷ್ಮೆ ಸೀರೆಯನ್ನು ನನ್ನ ಪೆಟ್ಟಿಗೆಯಲ್ಲಿಟ್ಟ. ಅತ್ತಿಗೆ ರಾಗಿ ಹುರಿಹಿಟ್ಟು, ಬೆಲ್ಲ, ಕಾಫಿಪುಡಿ, ಜೊತೆಗೆ ಒಂದು ಹಿತ್ತಾಳೆಯ ಫಿಲ್ಟರನ್ನೂ ಇಟ್ಟರು. ಪಕ್ಕದ ದೇವನಹಳ್ಳಿಯಲ್ಲೇ ವಿಮಾನ ಹತ್ತಿ ದುಬೈ ಮಾರ್ಗವಾಗಿ ಮಾಸ್ಕೋ. ಅಲ್ಲಿಂದ ರೈಲಿನಲ್ಲಿ ಎರಡು ಗಂಟೆಗೂ ಸ್ವಲ್ಪ ಕಡಮೆ ಹಾದಿ.

ಮನೆ ಇದ್ದದ್ದು ಐದು ಅಂತಸ್ತಿನ ಹಳೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಕ್ರುಶ್ಚೇವನ ಕಾಲದಲ್ಲಿ ಇಂಥ ಕಟ್ಟಡಗಳನ್ನು ಆ ದೇಶದ ಉದ್ದಗಲಕ್ಕೂ ಕಟ್ಟಿದರಂತೆ. ಲಿಫ್ಟು ಇಲ್ಲ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಬಾಗಿಲು ತೆರೆದ ಮುದುಕಿ ಮೊದಲು ತೋರಿಸಿದ್ದು ನನ್ನ ಕಾಲನ್ನು. ಜೋಡು ಬಿಟ್ಟು ಒಳಗೆ ಬರಬೇಕು! ಹೊರಗೆ ಮೆಟ್ಟಿದ್ದನ್ನು ಒಳಗೆ ಮೆಟ್ಟಬಾರದೆಂಬ ಮಡಿಯನ್ನು ಸಾವಿರಾರು ಮೈಲಿ ದಾಟಿ ಬಂದು ಕಂಡಾಗ ನನಗೆ ಅರ್ಧ ಧೈರ್ಯ ಬಂತು. ಮನೆಯೊಳಗೆ ಓಡಾಡಲು ಅತಿಥಿಗಳಿಗೆಂದೇ ಬೇರೆ ಚಪ್ಪಲಿ. ಹೊರಗೆ ಮೂಗಿನ ಉಸಿರು ಹೆಪ್ಪುಗಟ್ಟುತ್ತಿದ್ದರೆ, ಒಳಗೆ ಗೋಡೆಯ ಪಕ್ಕದ ಕಬ್ಬಿಣದ ಕೊಳವೆಗಳಲ್ಲಿ ಬಿಸಿನೀರು ಹರಿದು ನಮ್ಮ ಫಾಲ್ಗುಣ ಮಾಸದ ಹಿತ. ಸೆಕೆ ಹೆಚ್ಚಾದರೆ ಕಿಟಕಿಯ ಮೇಲ್ಗಡೆಯ ಪುಟ್ಟ ಕಂಡಿಯನ್ನು ತೆರೆಯುತ್ತಾರೆ. ಆ ಊರಿನಲ್ಲಿ ಸ್ವೆಟರು ಮನೆಯೊಳಗೆ ಬೇಕಾಗುವುದಿಲ್ಲ. ಅದು ಬೇಕಾಗುವುದು ದೊಡ್ಡಬಳ್ಳಾಪುರದಲ್ಲಿ, ಹಾಸಿಗೆಯ ಮೇಲೂ.

ಮುದುಕಿ ಬಹಳ ಗಟ್ಟಿಯಾಗಿ ಮಾತನಾಡುತ್ತಿದ್ದರು. ಜಗಳವಾಡುತ್ತಿದ್ದಾರೇನೋ ಎಂದು ಹುಡುಗಿಯ ಮುಖ ನೋಡಿದೆ. “ಅಲ್ಲ ಚಿಕ್ಕಪ್ಪ, ‘ಕೂತುಕೊಳ್ಳಿ, ದಣಿದಿದ್ದೀರಿ’ ಅಂತಿದ್ದಾರೆ” ಎಂದಳು. ಕಾರಣ ಆಮೇಲೆ ತಿಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೊರೊಜೊವ್ ಎಂಬ ಶ್ರೀಮಂತ ಮನೆತನದವರು ತ್ವೇರ್‌ನಲ್ಲಿ ದೊಡ್ಡ ಹತ್ತಿಗಿರಣಿಯನ್ನು ಕಟ್ಟಿಸಿದ್ದರು. ಕ್ರಾಂತಿಯ ನಂತರ ಅದು ಸರ್ಕಾರದ್ದಾಯಿತು. ಈಕೆ ಹದಿನೆಂಟನೆಯ ವಯಸ್ಸಿನಿಂದ ಅಲ್ಲಿ ಮಗ್ಗದ ಮುಂದೆ ನಿಂತವರು. ಮಗ್ಗದ ಸದ್ದಿನಲ್ಲಿ ಬದುಕಿದವರಿಗೆ ಮೆಲುದನಿಯೆಂಬುದು ಇರುವುದಿಲ್ಲ. ನನ್ನ ಅಣ್ಣನೂ ದೇವಸ್ಥಾನದಲ್ಲಿ ಪಿಸುಗುಟ್ಟಿದರೆ ಗರ್ಭಗುಡಿಯವರೆಗೆ ಕೇಳುತ್ತದೆ.

ಸೀರೆಯನ್ನು ಕೊಟ್ಟೆ. ಬೇರೆ ಯಾರಾದರೂ ಬಣ್ಣವನ್ನು ನೋಡುತ್ತಿದ್ದರು, ಜರಿಯನ್ನು ಮೆಚ್ಚುತ್ತಿದ್ದರು. ಈಕೆ ಕನ್ನಡಕ ಹಾಕಿಕೊಂಡು ಸೀರೆಯನ್ನು ಮಗುಚಿ ಹಿಂಬದಿಯನ್ನು ನೋಡಿದರು. ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉದ್ದಕ್ಕೂ ಸವರಿದರು. ಆಮೇಲೆ ಒಂದು ಮಾತು ಹೇಳಿದರು. ಹುಡುಗಿ ನಕ್ಕು ಅನುವಾದಿಸಿದಳು: “ನೇಯ್ದವರು ಅವಸರ ಮಾಡಿಲ್ಲ.” ಆ ಮಾತನ್ನು ನಾನು ಅಣ್ಣನಿಗೆ ಹಾಗೆಯೇ ತಲುಪಿಸಿದ್ದೇನೆ. ಯಾವ ಸಹಕಾರ ಸಂಘದ ಪ್ರಶಸ್ತಿಪತ್ರಕ್ಕೂ ಅವನು ಅಷ್ಟು ಹಿಗ್ಗಿದವನಲ್ಲ.

ಊಟದ ವಿಚಾರದಲ್ಲಿ ನನಗೆ ಅಳುಕಿತ್ತು. ಆದರೆ ನಾನು ಹೋದ ಕಾಲ ಒಳ್ಳೆಯದಾಗಿತ್ತು. ಅಲ್ಲಿಯ ಸನಾತನ ಕ್ರೈಸ್ತರು ಹಳೆಯ ಪಂಚಾಂಗವನ್ನು ಹಿಡಿದವರು. ನಮ್ಮಲ್ಲಿ ಸೌರಮಾನ ಚಾಂದ್ರಮಾನಗಳಿರುವಂತೆ ಅವರ ಲೆಕ್ಕ ಹದಿಮೂರು ದಿನ ಹಿಂದೆ. ಹಾಗಾಗಿ ಅವರ ಕ್ರಿಸ್‌ಮಸ್ ಜನವರಿ ೭ಕ್ಕೆ. ಅದಕ್ಕೆ ಮುಂಚಿನ ನಲವತ್ತು ದಿನ ಮಾಂಸ, ಮೊಟ್ಟೆ, ಹಾಲು ಮುಟ್ಟದ ವ್ರತ. ಎಲ್ಲರೂ ನಡೆಸುವುದಿಲ್ಲ, ಈಕೆ ನಡೆಸುತ್ತಿದ್ದರು. ಕಪ್ಪು ರೊಟ್ಟಿ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಹುಳಿಸಿದ ಕೋಸು, ಗ್ರೇಚ್ಕಾ ಎಂಬ ಕಂದು ಕಾಳಿನ ಅನ್ನ. ಆ ರೊಟ್ಟಿ ರೈ ಎಂಬ ಧಾನ್ಯದ್ದು. ಬಡ ನೆಲದಲ್ಲೂ ಚಳಿಯಲ್ಲೂ ಬೆಳೆಯುವ, ಬಡವರನ್ನು ಸಾಕಿದ ಧಾನ್ಯ. ನಮಗೆ ರಾಗಿ ಹೇಗೋ ಅವರಿಗೆ ಅದು ಹಾಗೆ. ಹುರಿಹಿಟ್ಟನ್ನು ಬೆಲ್ಲದ ನೀರಿನಲ್ಲಿ ಕಲಸಿಕೊಟ್ಟಾಗ ಅಜ್ಜಿ ಮೂಸಿ ನೋಡಿ, ಇದು ಗೊತ್ತಿರುವ ಸಂಗತಿಯೇ ಎನ್ನುವಂತೆ ತಲೆಯಾಡಿಸಿದರು. ಚಹಾದ ಕ್ರಮವನ್ನಂತೂ ಕೇಳಲೇಬೇಡಿ. ಪುಟ್ಟ ಕುಡಿಕೆಯಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿಟ್ಟಿರುತ್ತಾರೆ. ಲೋಟಕ್ಕೆ ಅದನ್ನಿಷ್ಟು ಬಗ್ಗಿಸಿ ಮೇಲೆ ಕುದಿಯುವ ನೀರು. ನಮ್ಮ ಫಿಲ್ಟರನ್ನು ಅದರ ಪಕ್ಕದಲ್ಲಿಟ್ಟಾಗ ಎರಡೂ ಓರಗಿತ್ತಿಯರಂತೆ ಕಂಡವು.

ಆರನೆಯ ತಾರೀಖಿನ ಸಂಜೆ ಉಪವಾಸ. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವ ತನಕ ಊಟವಿಲ್ಲ. ಸಂಕಷ್ಟಿಯ ದಿನ ಚಂದ್ರನಿಗಾಗಿ ತಾರಸಿ ಹತ್ತಿಳಿಯುವ ನಮ್ಮ ಅಮ್ಮನನ್ನು ನೆನೆದು ನಾನೂ ಕಿಟಕಿಯ ಬಳಿ ನಿಂತೆ. ಮೋಡವಿತ್ತು. “ಚಿಕ್ಕಪ್ಪ, ನಕ್ಷತ್ರ ಮೋಡದ ಹಿಂದೆ ಹುಟ್ಟಿರುತ್ತದೆ, ಊಟಕ್ಕೆ ಬನ್ನಿ ಅಂತಿದ್ದಾರೆ” ಎಂದಳು ಹುಡುಗಿ. ಶಾಸ್ತ್ರಕ್ಕೆ ಎಲ್ಲ ದೇಶದಲ್ಲೂ ಒಂದು ಕಿಟಕಿ ಉಂಟು. ಕುತ್ಯಾ ಎಂಬ ಭಕ್ಷ್ಯ ಬಡಿಸಿದರು: ಬೇಯಿಸಿದ ಗೋಧಿ, ಜೇನು, ಗಸಗಸೆ, ದ್ರಾಕ್ಷಿ. ಗೋಧಿ ಪಾಯಸಕ್ಕೂ ಗಸಗಸೆ ಪಾಯಸಕ್ಕೂ ಮದುವೆಯಾದರೆ ಹುಟ್ಟಬಹುದಾದ ಕೂಸು.

ಊಟವಾದ ಮೇಲೆ ಅಜ್ಜಿ ಕೈಯೊರಸಿಕೊಂಡು ನನ್ನನ್ನೇ ನೋಡುತ್ತ ಏನೋ ಕೇಳಿದರು. ಹುಡುಗಿ ಅನುವಾದಿಸದೆ ತಲೆ ತಗ್ಗಿಸಿದಳು. “ಹೇಳಮ್ಮ” ಎಂದೆ.

“ನೀವು ಈ ಮನೆಯನ್ನು ಪರೀಕ್ಷೆ ಮಾಡಲು ಬಂದಿದ್ದೀರಿ ಅಂತ ಅವರಿಗೆ ಗೊತ್ತಂತೆ. ಮಾಡಿ, ಮಾಡಲೇಬೇಕು ಅಂತಾರೆ. ಆದರೆ ನನ್ನ ಮೊಮ್ಮಗ ನಿಮ್ಮ ಊರಿಗೆ ಓದಲು ಬಂದರೆ ಅವನಿಗೆ ಕೋಣೆ ಕೊಡುತ್ತೀರಾ ಅಂತ ಕೇಳುತ್ತಿದ್ದಾರೆ.”

ನನ್ನ ಮನೆಯ ಬಾಗಿಲು ತೆರೆದಿದೆ ಎಂದೆ. ಊರಿನ ಪರವಾಗಿ ಮಾತ್ರ ನಾಲಗೆ ಏಳಲಿಲ್ಲ. ಹಿಂದಿನ ವರ್ಷ ತಾನೇ ನಮ್ಮ ಕಾಲೇಜಿನ ಬಡ ವಿದ್ಯಾರ್ಥಿಯೊಬ್ಬನಿಗೆ ಕೋಣೆ ಹುಡುಕಿಕೊಂಡು ಏಳು ಮನೆಗಳ ಮೆಟ್ಟಿಲು ಹತ್ತಿದ್ದೆ. ಏಳೂ ಕಡೆ ಮೊದಲ ಪ್ರಶ್ನೆ, “ಹುಡುಗ ಯಾವ ಜನ?” ಬಾಡಿಗೆ ಎಷ್ಟು ಕೊಡಬಲ್ಲ ಎಂಬುದು ಎರಡನೆಯದು. ಚೆನ್ನಾಗಿ ಓದುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಅವನು ಬೆಂಗಳೂರಿನಿಂದ ದಿನವೂ ರೈಲಿನಲ್ಲಿ ಬಂದು ಹೋಗಿ ಪದವಿ ಮುಗಿಸಿದ. ಅವನೇನೂ ಸಮುದ್ರದಾಚೆಯವನಲ್ಲ, ನಮ್ಮದೇ ನುಡಿಯವನು.

ಮರುದಿನ ಹಬ್ಬ. ಅಜ್ಜಿ ನಮ್ಮನ್ನು ವೋಲ್ಗಾ ದಂಡೆಗೆ ಕರೆದೊಯ್ದರು. ನದಿ ಹೆಪ್ಪುಗಟ್ಟಿ ಬಯಲಾಗಿತ್ತು. ಅದರ ಮೇಲೆ ರಂಧ್ರ ಕೊರೆದು ಗಾಳ ಹಾಕಿ ಕುಳಿತವರಿದ್ದರು. ದಂಡೆಯಲ್ಲಿ ೧೯೫೫ರಲ್ಲಿ ನಿಲ್ಲಿಸಿದ ಒಂದು ಪ್ರತಿಮೆ: ಅಫನಾಸಿ ನಿಕಿತಿನ್. ಕನ್ನಡಿಗರಾದ ನಾವು ತಿಳಿದಿರಬೇಕಾದ ಹೆಸರು. ಈ ಊರಿನ ವ್ಯಾಪಾರಿ. ವಾಸ್ಕೋ ಡ ಗಾಮ ಬರುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲು, ೧೪೬೯ರ ಸುಮಾರಿಗೆ, ಒಂದು ಕುದುರೆಯನ್ನು ಮಾರುವ ಆಸೆಯಿಂದ ಚೌಲ್ ಬಂದರಿನಲ್ಲಿ ಇಳಿದು ನಮ್ಮ ಬೀದರಿಗೆ ಬಂದ. ಬಹಮನಿಗಳ ಮಂತ್ರಿ ಮಹಮೂದ್ ಗಾವಾನನ ಕಾಲ. ಇಂದಿಗೂ ನಿಂತಿರುವ ಆ ಮದರಸಾ ಪೂರ್ಣವಾದದ್ದು ೧೪೭೨ರಲ್ಲಿ. ದಾರಿಯಲ್ಲಿ ದರೋಡೆಯಾಗಿ ಅವನ ಧರ್ಮಗ್ರಂಥಗಳು ಹೋಗಿದ್ದವು. ಯಾವ ಹಬ್ಬ ಯಾವತ್ತು, ಯಾವ ಉಪವಾಸ ಯಾವಾಗ ಎಂಬ ಲೆಕ್ಕವೇ ತಪ್ಪಿಹೋಯಿತೆಂದು ಅವನು ಬರೆದುಕೊಂಡ ಟಿಪ್ಪಣಿಗಳಲ್ಲಿ ಸಂಕಟಪಟ್ಟಿದ್ದಾನೆ.

ಆ ಟಿಪ್ಪಣಿಗಳಲ್ಲಿ ನಮ್ಮ ಬಗ್ಗೆಯೂ ಇದೆ. ಬೀದರಿನ ಹಿಂದೂಗಳು ಮೊದಲು ತಮ್ಮ ಮನೆಯ ಸಂಗತಿಗಳನ್ನು ಅವನಿಂದ ಮುಚ್ಚಿಡುತ್ತಿದ್ದರು. ತಾನು ಯಾರೆಂದು ಹೇಳಿಕೊಂಡ ಮೇಲೆ ಊಟ, ವ್ಯಾಪಾರ, ಪೂಜೆ ಯಾವುದನ್ನೂ ಮರೆಮಾಡಲಿಲ್ಲ. ತಮ್ಮ ಜೊತೆಯಲ್ಲಿ ಶ್ರೀಪರ್ವತದ ಜಾತ್ರೆಗೂ ಕರೆದೊಯ್ದರು. ಅದೇ ಮನುಷ್ಯ ಇನ್ನೊಂದನ್ನೂ ಬರೆದ: ಈ ಜನ ಒಬ್ಬರ ಜೊತೆ ಒಬ್ಬರು ಕುಳಿತು ಉಣ್ಣುವುದಿಲ್ಲ, ದಾರಿ ನಡೆಯುವಾಗಲೂ ಒಬ್ಬೊಬ್ಬರದು ಒಂದೊಂದು ಗಡಿಗೆ. ಐದೂವರೆ ಶತಮಾನದ ಹಿಂದೆ ನಮ್ಮ ಬಾಗಿಲಲ್ಲಿ ನಿಂತಿದ್ದ ಪರದೇಶಿಯ ಕಣ್ಣಿಗೆ ಬಿದ್ದದ್ದು ಎರಡು: ಪರಿಚಯವಾದರೆ ನಮ್ಮಷ್ಟು ಕೈಬಿಚ್ಚಿದವರಿಲ್ಲ, ಪರಿಚಯಕ್ಕೆ ಮೊದಲು ನಮ್ಮಷ್ಟು ಬಾಗಿಲು ಹಾಕಿಕೊಂಡವರೂ ಇಲ್ಲ. ಪಾಪ, ಅವನು ತನ್ನ ಊರನ್ನು ಮತ್ತೆ ಕಾಣಲಿಲ್ಲ. ಹಿಂದಿರುಗುವಾಗ ಸ್ಮೋಲೆನ್ಸ್ಕ್ ನಗರವನ್ನು ತಲುಪುವ ಮೊದಲೇ ತೀರಿಕೊಂಡ. ಊರಿಗೆ ಬಂದದ್ದು ಅವನ ಕೀರ್ತಿ ಮಾತ್ರ.

ಹಬ್ಬದ ರಜೆ ಮುಗಿದ ಕೂಡಲೇ ಅಜ್ಜಿ ಹಿಮದಲ್ಲಿ ಅಂಚೆ ಕಚೇರಿಗೆ ಹೊರಟರು. ಪರದೇಶದವನು ಮನೆಯಲ್ಲಿ ತಂಗಿದರೆ ಏಳು ಕೆಲಸದ ದಿನಗಳೊಳಗೆ ಮನೆಯವರೇ ಅವನ ಹೆಸರನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದು ಅಲ್ಲಿಯ ಕಾನೂನು. ನಮೂನೆಯಲ್ಲಿ ‘ಬರಮಾಡಿಕೊಂಡವರು’ ಎಂಬ ಕಡೆ ಆಕೆ ತನ್ನ ಹೆಸರನ್ನು ನಿಧಾನವಾಗಿ ತುಂಬಿದರು. ಹುಡುಗಿಯ ಕಾಗದದಲ್ಲೂ ಅದೇ ಸಹಿಯಿತ್ತು. ನಾನು ನೋಡಬೇಕಾದದ್ದು ಇನ್ನೇನೂ ಉಳಿಯಲಿಲ್ಲ. ಆ ರಾತ್ರಿಯೇ ಮನೆಗೆ ಫೋನು ಮಾಡಿ, “ಹುಡುಗಿ ಇಲ್ಲೇ ಇರಲಿ” ಎಂದೆ. ಅತ್ತಿಗೆ ಕೇಳಿದ ನೂರು ಪ್ರಶ್ನೆಗಳ ನಡುವೆ ಆಕೆ ಗಿರಣಿಯಲ್ಲಿ ನೇಯುತ್ತಿದ್ದವರೆಂಬುದೂ ಬಂತು.

“ಮಗ್ಗದವರೇ?” ಎಂದರು ಅತ್ತಿಗೆ. “ಮೊದಲೇ ಹೇಳಬಾರದೇ? ಹಾಗಾದರೆ ನಮ್ಮವರೇ ಆದರು!”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ‘ನಮ್ಮವರು’ ಎಂಬ ಮಾತು ಒಮ್ಮೆ ಬಾಯಿಂದ ಬಿದ್ದರೆ ಅದು ಬೇರು ಬಿಡುತ್ತದೆ. ೨೦೨೦ರಲ್ಲಿ ಕೊರೋನಾ ಬಂದು ಲೋಕವೆಲ್ಲ ಬಾಗಿಲು ಹಾಕಿಕೊಂಡಾಗ ಹುಡುಗಿ ಆ ಮನೆಯಲ್ಲೇ ಉಳಿದಳು. ಆಗ ಅತ್ತಿಗೆಯೂ ಅಜ್ಜಿಯೂ ಫೋನಿನ ಪರದೆಯ ಎರಡು ಕಡೆ ಕುಳಿತು, ಒಬ್ಬರು ಕನ್ನಡದಲ್ಲಿ ಒಬ್ಬರು ರಷ್ಯನ್‌ನಲ್ಲಿ, ಇಬ್ಬರೂ ಗಟ್ಟಿಯಾಗಿ, ಗಂಟೆಗಟ್ಟಲೆ ಮಾತನಾಡಿದರು. ೨೦೨೨ರಲ್ಲಿ ಯುದ್ಧ ಆರಂಭವಾದ ಮೇಲೆ ಇಲ್ಲಿಂದ ಹಣ ಕಳುಹಿಸುವ ದಾರಿಗಳು ಒಂದೊಂದಾಗಿ ಮುಚ್ಚಿದವು. ದಾರಿ ತೆರೆಯುವವರೆಗೆ ಬಾಡಿಗೆಯ ಮಾತು ಬೇಡ ಎಂದರಂತೆ ಅಜ್ಜಿ. ಮೊಮ್ಮಗನ ಸುದ್ದಿ ಕೇಳಿದರೆ ಮಾತ್ರ ಚಹಾ ಬಗ್ಗಿಸಲು ಏಳುತ್ತಿದ್ದರಂತೆ. ದೊರೆಗಳ ಯುದ್ಧಗಳ ನ್ಯಾಯಾನ್ಯಾಯ ಆ ಪುಟ್ಟ ಅಡುಗೆಮನೆಯಲ್ಲಿ ತೀರ್ಮಾನವಾಗುವಂಥದಲ್ಲ. ಅದರ ಭಾರ ಮಾತ್ರ ಅಲ್ಲಿಗೂ ಬಂದು ಕೂರುತ್ತದೆ.

೨೦೨೩ರಲ್ಲಿ ಹುಡುಗಿ ಪದವಿ ಮುಗಿಸಿ ಬಂದಳು. ಇಲ್ಲಿಯ ಅರ್ಹತಾ ಪರೀಕ್ಷೆಯನ್ನು ಎರಡನೆಯ ಸಲಕ್ಕೆ ದಾಟಿದಳು. ಅವಳ ಮಾತೂ ಈಗ ಸ್ವಲ್ಪ ಗಟ್ಟಿ.

ಕಳೆದ ವರ್ಷ ಅಣ್ಣನ ಮನೆಯ ಮಹಡಿಯ ಕೋಣೆ ತೆರವಾಯಿತು. ಯಾದಗಿರಿ ಕಡೆಯ ಹುಡುಗನೊಬ್ಬ ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿ, ಒಂದು ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತ. ಅತ್ತಿಗೆ ಅವನ ಕಾಲಿನ ಕಡೆ ತೋರಿಸಿ, “ಜೋಡು ಅಲ್ಲಿ ಬಿಟ್ಟು ಒಳಗೆ ಬಾಪ್ಪ” ಎಂದರು. ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, “ಯಾವ ಜನವಂತೆ?” ಎಂದು ಕೇಳಿದರು.

“ತಿಂಗಳ ಐದನೇ ತಾರೀಖಿಗೆ ಬಾಡಿಗೆ ಕೊಡುವ ಜನವಂತೆ” ಎಂದರು ಅತ್ತಿಗೆ.

ಕೊಡುತ್ತಾನೋ ಇಲ್ಲವೋ ನಾನು ವಿಚಾರಿಸಲು ಹೋಗಿಲ್ಲ.